ಗ್ವಾಡಿ ಹಲ್ಲಿಗೆ ಶಾಲು

ಓದುಗರ ಬಳಗದ ಸನ್ಮಾನ್ಯ ಅಧ್ಯಕ್ಷರಾದ ಭಗವಂತರಾಯರೇ, ಪದಾಧಿಕಾರಿಗಳೇ, ನನ್ನ ಪಕ್ಕದಲ್ಲಿ ಶಾಲು ಹೊದ್ದು ಕುಳಿತಿರುವ ಖಾಲಿ ಕುರ್ಚಿಯೇ, ಹಾಗೂ ಊಟ ಇದೆ ಎಂದು ತಿಳಿದೇ ಬಂದಿರುವ ನನ್ನ ಪ್ರೀತಿಯ ಸಭಿಕರೇ,

ಮೊದಲಿಗೆ ಒಂದು ಐತಿಹಾಸಿಕ ಘೋಷಣೆ. ಯಾದಗಿರಿಯ ಮುಂದಿನ ತಲೆಮಾರುಗಳು ಈ ದಿನವನ್ನು ಮರೆಯಲಾರವು. ಈ ಸಭಾಭವನದ ಮೂರನೇ ಫ್ಯಾನು ತಿರುಗುತ್ತಿದೆ! ಎಲ್ಲರೂ ಒಮ್ಮೆ ತಲೆ ಎತ್ತಿ ನೋಡಬೇಕು. ಆರು ವರ್ಷ ಅದರ ಮೇಲೆ ಗುಬ್ಬಿಗಳು ಸಂಸಾರ ಹೂಡಿದ್ದವು, ಮೊಮ್ಮಕ್ಕಳನ್ನೂ ಕಂಡವು. ನಾನೇ ಹೆಸರು ಹಾಕಿ, ಸಹಿ ಹಾಕಿ ಒಂಬತ್ತು ಅರ್ಜಿ ಕೊಟ್ಟಿದ್ದೆ. ತಿರುಗಲಿಲ್ಲ. ‘ಗ್ವಾಡಿ ಹಲ್ಲಿ’ ಎಂಬ ಫೇಸ್‌ಬುಕ್ ಪುಟದಲ್ಲಿ ಹೆಸರಿಲ್ಲದ ನಾಲ್ಕು ಸಾಲು ಬಂತು ನೋಡಿ, ಮೂರನೇ ದಿನಕ್ಕೆ ತಿರುಗಿತು. ನನ್ನ ಕೈಯ ಕಾಗದ ನಡುಗುತ್ತಿರುವುದು ಅದರ ಗಾಳಿಗೇ. ಬೇರೆ ಅರ್ಥ ಹಚ್ಚಬಾರದೆಂದು ವಿನಂತಿ.

ಆ ಪುಟ ಬರೆಯುವವರು ಯಾರು? ಯಾರಿಗೂ ಗೊತ್ತಿಲ್ಲ. ಅದಕ್ಕೇ ಇಂದು ಖಾಲಿ ಕುರ್ಚಿಗೆ ಸನ್ಮಾನ. ಅಭಿನಂದನಾ ಭಾಷಣದ ಭಾಗ್ಯ ಮಾತ್ರ ನನ್ನದು. ತಹಸೀಲ್ ಕಚೇರಿಯ ಎದುರು ಬೇವಿನ ಮರದ ಕೆಳಗೆ ಮೂವತ್ತೊಂದು ವರ್ಷ ಜನರ ಪತ್ರ, ಅರ್ಜಿ ಬರೆದುಕೊಟ್ಟ ಅಮರಪ್ಪನದು. ಕರೆಯಲು ಬಂದಾಗ ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈಯಿಟ್ಟು, “ಅಮರಪ್ಪ, ಆ ಹಲ್ಲಿ ಒಮ್ಮಿ ನನ್ನ ಕಣ್ಣಿಗಿ ಬೀಳ್ಲಿ ನೋಡು, ನಾನಾ ಕೈಯಾರೆ ಶಾಲು ಹೊಚ್ತೀನಿ” ಎಂದರು. ಎಷ್ಟು ದೊಡ್ಡ ಮನಸ್ಸು! ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ಸಂತೋಷಕ್ಕೆ.

ಹಲ್ಲಿ ಎಂಬ ಹೆಸರೇ ಯಾಕೆ? ನಾವು ಮಾತಾಡುವಾಗ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಏನು ಮಾಡುತ್ತೇವೆ? ನೆಲಕ್ಕೆ ಬೆರಳು ಬಡಿದು “ಖರೇ, ಖರೇ” ಅನ್ನುತ್ತೇವೆ. ಹಲ್ಲಿ ನುಡಿದ ಮೇಲೆ ಪುರಾವೆ ಯಾರು ಕೇಳುತ್ತಾರೆ? ಈ ಪುಟದ ಪ್ರತಿ ಬರಹದ ಕೊನೆಗೂ, ಹೆಸರಿರಬೇಕಾದ ಜಾಗದಲ್ಲಿ, ‘ಲೊಚ್ ಲೊಚ್’ ಎಂದಿರುತ್ತದೆ. ಹನ್ನೊಂದು ಸಾವಿರ ಜನ ನೆಲ ಬಡಿಯುತ್ತಾರೆ.

ನನ್ನ ಕಸುಬಿನಲ್ಲಿ ಈ ಸುಖವಿಲ್ಲ. ಪತ್ರ ಬರೆದವನು ಕೊನೆಗೆ ‘ಬಿಕಲಂ’ ಎಂದು ಬರೆದು ಮುಂದೆ ತನ್ನ ಹೆಸರು ಹಾಕಬೇಕು. ಇಂಥವನ ಕಲಮಿನಿಂದ ಎಂದರ್ಥ. ನಿಜಾಮರ ಕಾಲದಿಂದ ಬಂದದ್ದು. ಎರಡು ಗುಂಟೆ ಜಾಗದ ಚಕ್ಕುಬಂದಿ ಬರೆಯಲೂ ನಾಲ್ಕು ದಿಕ್ಕಿನವರನ್ನು ಕೇಳಿಯೇ ಬರೆಯುವವ ನಾನು. ತಪ್ಪಾದರೆ ಕೋರ್ಟು ಮೊದಲು ಕರೆಯುವುದು ನನ್ನನ್ನು. ಹೀಗೆ ಮೂವತ್ತೊಂದು ವರ್ಷ ಹೆದರಿ ಹೆದರಿ ಬರೆದವನಿಗೆ ಹೆದರಿಕೆಯಿಲ್ಲದೆ ಬರೆಯುವ ರುಚಿ ಹತ್ತಿದರೆ ಬಿಡಲಾದೀತೇ? ಬಿಡಲಾಗದು... ಎಂದು ಆ ಹಲ್ಲಿಗೆ ಅನಿಸಿರಬಹುದು. ಊಹಿಸಿ ಹೇಳುತ್ತಿದ್ದೇನೆ.

ಈಗ ಹಲ್ಲಿಯ ಅತಿ ಪ್ರಸಿದ್ಧ ಬರಹಕ್ಕೆ ಬರುತ್ತೇನೆ. ಇಂದಿನ ಶಾಲು ಅದಕ್ಕೇ. ‘ಬಳಿಚಕ್ರದ ಅಂಗನವಾಡಿ ಟೀಚರ್ ದಾನೇಶ್ವರಿ ಮಕ್ಕಳ ತತ್ತಿ ಮಾರಿಕೊಂಡಳು. ಲೊಚ್ ಲೊಚ್.’ ಇದು ಹುಟ್ಟಿದ್ದು ಎಲ್ಲಿ? ಶಹಾಪುರದಿಂದ ಬರುವ ಬಸ್ಸಿನಲ್ಲಿ. ಮುಂದಿನ ಸೀಟಿನವ ಇನ್ನೊಬ್ಬನಿಗೆ ಹೇಳುತ್ತಿದ್ದ: “ಬಳಿಚಕ್ರದಾಗ ತಿಂಗಳಾತು, ಕೂಸುಗಳಿಗಿ ಒಂದ್ ತತ್ತಿ ಸಿಕ್ಕಿಲ್ಲ. ಟೀಚರಾ ಮಾರ್ಕೊಂಡಿರ್ಬೇಕು, ಇನ್ಯಾರು?” ಭೀಮಾ ಸೇತುವೆ ಬರುವಷ್ಟರಲ್ಲಿ ಬರೆದಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ನಾನೂರು ಜನ ಹಂಚಿಯಾಗಿತ್ತು. ಬಲಗಡೆ ಕಿಟಕಿಯ ಸೀಟು, ಮೊಬೈಲಿನ ಮೇಲೆ ಬಿಸಿಲು, ಕಂಡಕ್ಟರ್ “ಕಾಕಾ, ಚೀಲ ತಕ್ಕೋರಿ” ಅಂದದ್ದೂ ಕೇಳಿಸಲಿಲ್ಲ.

ಎಂದು ಊಹಿಸುತ್ತೇನೆ. ಸ್ವಲ್ಪ ನೀರು ಕೊಡಿ.

ಹತ್ತು ದಿನದ ಮೇಲೆ ಒಬ್ಬ ಹೆಣ್ಣುಮಗಳು ಕಂಕುಳಲ್ಲಿ ರಿಜಿಸ್ಟರ್ ಇಟ್ಟುಕೊಂಡು ನನ್ನ ಮೇಜಿಗೆ ಬಂದಳು.

“ಕಾಕಾ, ಒಂದ್ ಅರ್ಜಿ ಬರ್ದು ಕೊಡ್ರಿ.”

“ಯಾರ ಮ್ಯಾಲವ್ವ?”

“ಗ್ವಾಡಿ ಹಲ್ಲಿ ಮ್ಯಾಲ. ನಾ ಬಳಿಚಕ್ರದ ಟೀಚರ್ರಿ.”

ನನ್ನ ಪೆನ್ನು ಕೆಳಗೆ ಬಿತ್ತು. ಎತ್ತಿಕೊಳ್ಳುತ್ತ ಕೇಳಿದೆ: “ಹೆಸರಿಲ್ದವನ ಮ್ಯಾಲ ಹ್ಯಾಂಗ ಬರೀಲವ್ವ?”

“ಅಂವ ಹೆಸರಿಲ್ದ ನನ್ನ ಮ್ಯಾಲ ಹ್ಯಾಂಗ ಬರ್ದಾನ, ಹಂಗಾ ಬರೀರಿ.”

ರಿಜಿಸ್ಟರ್ ತೆರೆದು ತೋರಿಸಿದಳು. ತಿಂಗಳಿಡೀ, ದಿನಕ್ಕೊಂದು ಸಾಲು: ‘ಇಂದೂ ತತ್ತಿ ಬಂದಿಲ್ಲ.’ ಪ್ರತಿ ಸಾಲಿಗೂ ಆಕೆಯ ಸಹಿ. ಬಾರದ ತತ್ತಿಯನ್ನು ಮಾರುವ ವಿದ್ಯೆ ಯಾವುದು ಸಭಿಕರೇ?

“ಕೆಲಸ ಬಿಡ್ಸಿ ಮನ್ಯಾಗ ಕೂಡ್ಸ್ಯಾರ್ರಿ ಕಾಕಾ. ಓಣ್ಯಾಗ ಹೊಂಟ್ರ, ನಾ ಅಕ್ಷರ ಕಲ್ಸಿದ ಕೂಸುಗಳಾ ‘ತತ್ತಿ ಟೀಚರ್ ಬಂದ್ಳು’ ಅಂತಾವ. ಅವಕ್ಕೇನ್ ತಿಳೀತದ, ನಗ್ತಾವ. ನಾನೂ ನಗ್ತೀನಿ.”

ನಾನು ಬರೆದೆ. ಮೂವತ್ತೊಂದು ವರ್ಷದಲ್ಲಿ ಅಂಥ ಅರ್ಜಿ ಬರೆದಿರಲಿಲ್ಲ. ಆರೋಪಿಯ ಹೆಸರು: ಅನಾಮಧೇಯ. ಕೆಳಗೆ: ಬಿಕಲಂ ಅಮರಪ್ಪ. ಆಕೆ ಮಡಚಿಕೊಂಡು, “ಛಲೋ ಬರ್ದೀರಿ. ನಿಮ್ಮ ಹೊಟ್ಟಿ ತಣ್ಣಗಿರ್ಲಿ ಕಾಕಾ” ಎಂದು ಹೋದಳು. ಒಂದೇ ಹಾಳೆಯ ಮೇಲೆ ಒಬ್ಬನೇ ಮನುಷ್ಯ. ಮೇಲೆ ಹೆಸರಿಲ್ಲದೆ, ಕೆಳಗೆ ಹೆಸರಿನೊಂದಿಗೆ.

ಹೌದು. ಸರಿಯಾಗಿಯೇ ಕೇಳಿಸಿಕೊಂಡಿರಿ. ಹಲ್ಲಿ ನಾನೇ.

ಮಹಿಳೆಯರ ಸಾಲಿನಲ್ಲಿ ಬಾಯಿಗೆ ಸೆರಗು ಹಿಡಿದು ಕುಳಿತಿರುವ ನನ್ನ ಹೆಂಡತಿ ದೇವಕಮ್ಮಳಿಗೂ ಈ ಕ್ಷಣದವರೆಗೆ ಗೊತ್ತಿರಲಿಲ್ಲ. ಆ ಬರಹ ಓದಿದ ದಿನ ನನ್ನ ತಟ್ಟೆಗೆ ರೊಟ್ಟಿ ಹಾಕುತ್ತ, “ಹೆಣ್ಮಗಳ ಹೆಸರು ಹಾಕಿ ತನ್ನ ಹೆಸರು ಮುಚ್ಕೊಂಡಾನಲ್ಲ, ಅವನ ನಾಲಿಗಿ ಸೇದಿ ಹೋಗ್ಲಿ” ಎಂದಳು. ನಾನು ಇನ್ನೊಂದು ರೊಟ್ಟಿ ಕೇಳಿದೆ.

ಕ್ಷಮೆ ಕೇಳಲಿಲ್ಲವೇ ಎನ್ನುತ್ತೀರಿ. ಕೇಳಿದೆ, ಹಲ್ಲಿಯಾಗಿಯೇ ಕೇಳಿದೆ. ‘ಬರೆದದ್ದು ತಪ್ಪು, ಟೀಚರ್ ನಿರಪರಾಧಿ.’ ಕೆಳಗೆ ಬಂದ ಮೊದಲ ಉತ್ತರವೇನು ಗೊತ್ತೇ? “ಟೀಚರ್ ಕಡೀಂದ ಹಲ್ಲಿಗಿ ಏನೋ ಮುಟ್ಯಾದ!” ಇನ್ನೂರು ಜನ ನಕ್ಕರು. ಆಕೆಯ ಮೇಲೆ ಒಂದಿದ್ದ ಅಪವಾದ ಎರಡಾಯಿತು. ಹೆಸರಿಲ್ಲದವನು ತಪ್ಪಾಯಿತು ಎಂದರೆ ಯಾರು ಎಂದಂತಾಯಿತು? ಬರಹ ಅಳಿಸಿದೆ. ನನ್ನ ಪುಟದಿಂದ ಹೋಯಿತು, ಊರಿನ ಮೊಬೈಲುಗಳಿಂದ ಹೋಗಲಿಲ್ಲ.

ಅಂಗನವಾಡಿಗೆ ತತ್ತಿ ಪೂರೈಸುವ ಗುತ್ತಿಗೆ ನಮ್ಮ ಅಧ್ಯಕ್ಷರದು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಆ ತಿಂಗಳು ತತ್ತಿ ಯಾಕೆ ಬರಲಿಲ್ಲ? ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಒಮ್ಮೆ ಬರೆದು ಕೆಟ್ಟವನು ಇನ್ನೊಮ್ಮೆ ಹೇಳಿ ಕೆಡಲಾರೆ. ನನಗೆ ಗೊತ್ತಿರುವುದು ಇಷ್ಟೇ: ಆಕೆ ಮಾರಿದ್ದನ್ನು ನಾನು ನೋಡಿಲ್ಲ, ನೋಡಿದವರನ್ನೂ ನೋಡಿಲ್ಲ.

ಅಧ್ಯಕ್ಷರು ನಗುತ್ತಿದ್ದಾರೆ. ಅದು ಅವರ ದೊಡ್ಡತನ. ಬಾಗಿಲಲ್ಲಿ ನಿಂತಿರುವ ಅವರ ಡ್ರೈವರ್ ಹುಲಗಪ್ಪನವರು ಬಾಗಿಲು ಮುಂದೆ ಮಾಡಿ ಅಗುಳಿ ಹಾಕಿದ್ದಾರೆ. ಫ್ಯಾನಿನ ಗಾಳಿ ಹೊರಗೆ ಹೋಗದಿರಲಿ ಎಂದಿರಬೇಕು.

ಆದರೂ ಯಾಕೆ ಹೇಳಿದೆ? ನಾಳೆ ಹನ್ನೊಂದು ಗಂಟೆಗೆ ದಾನೇಶ್ವರಿಯ ವಿಚಾರಣೆ. ಬರೆದವನೇ ಖುದ್ದಾಗಿ ಬಂದು, ಆಧಾರವಿಲ್ಲದೆ ಬರೆದೆ ಎಂದು ಹೇಳಿಕೆ ಕೊಟ್ಟರೆ ಸರಿ. ಇಲ್ಲದಿದ್ದರೆ ಆಕೆಯನ್ನು ಕಾಯಂ ತೆಗೆದಂತೆ ಎಂದಿದ್ದಾರೆ ವಿಚಾರಣೆ ನಡೆಸುವ ಸಾಹೇಬರು. ಇವತ್ತು ಇಷ್ಟು ಜನರ ಮುಂದೆ ಬಾಯಿ ಬಿಡದಿದ್ದರೆ ನಾಳೆ ನನಗೆ ಖಂಡಿತ ಜ್ವರ ಬರುತ್ತಿತ್ತು. ನನ್ನನ್ನು ನಾನು ಬಲ್ಲೆ.

ಕರೆದು ಮೈಕು ಕೊಟ್ಟ ಬಳಗಕ್ಕೂ, ಇನ್ನೂ ಅದನ್ನು ಕಸಿದುಕೊಳ್ಳದ ಪದಾಧಿಕಾರಿಗಳಿಗೂ, ಎದ್ದು ಬಂದು ಹೊಡೆಯದ ನಿಮಗೂ ನಾನು ಋಣಿ. ಹೋಗುವ ಮುನ್ನ ಒಂದು ಸಣ್ಣ ಉಪಕಾರ. ನನ್ನ ಹೇಳಿಕೆಗೆ ಇಬ್ಬರು ಸಾಕ್ಷಿ ಬೇಕು. ನಾಳೆ ಹತ್ತೂವರೆಗೆ ಆಧಾರ್ ಕಾರ್ಡಿನ ಒಂದು ಜೆರಾಕ್ಸ್ ಹಿಡಿದು ತಹಸೀಲ್ ಕಚೇರಿಯ ಹತ್ತಿರ ಬನ್ನಿ. ಸಹಿ ಬಾರದವರ ಹೆಬ್ಬೆಟ್ಟೂ ನಡೆಯುತ್ತದೆ. ಈಗ ಯಾರೂ ಕೈ ಎತ್ತುವುದು ಬೇಡ, ಅಧ್ಯಕ್ಷರು ನೋಡುತ್ತಿದ್ದಾರೆ. ನಾಳೆ ಬಂದರೆ ಸಾಕು. ಇಬ್ಬರು.

ನಮಸ್ಕಾರ.