ಎಂಟನೆಯ ಪುಟದ ಕೊನೆಯ ಸಾಲು

ಈ ಸಭೆಯ ಅಧ್ಯಕ್ಷರೂ, ಸಾಗರದ ಅಚ್ಚುಕೂಟದ ಯಜಮಾನರೂ, ನನ್ನ ಪೂರ್ವಪುಣ್ಯದಿಂದ ನನಗೆ ಮಾವನವರೂ ಆದ ಮುಕುಂದಯ್ಯನವರೇ, ನಲವತ್ತು ವರ್ಷ ಮೂರು ತಾಲ್ಲೂಕುಗಳ ಮಾನ ಮುಚ್ಚಿ ಇಂದು ತಾವೇ ಶಾಲು ಹೊದ್ದು ಕುಳಿತಿರುವ ದರ್ಜಿ ಮಾಸ್ತಪ್ಪನವರೇ, ದರ್ಜಿಗಳ ಸಂಘದ ಬಂಧುಗಳೇ, ತೀರ್ಥಹಳ್ಳಿಯಷ್ಟು ದೂರದಿಂದ ಬಸ್ಸಿನಲ್ಲಿ ನಿಂತೇ ಬಂದ ಸಭಿಕರೇ,

ಹೊಸನಗರದ ಡ್ರಾಯಿಂಗ್ ಮೇಷ್ಟ್ರು ಗಣೇಶಮೂರ್ತಿಗೂ ದರ್ಜಿಗಳ ಸನ್ಮಾನಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಮೂರು ವರ್ಷದ ಹಿಂದೆ, ಅರವತ್ತಾರನೆಯ ಇಸವಿಯಲ್ಲಿ, ಮುಕುಂದಯ್ಯನವರು, ಮಾಸ್ತಪ್ಪನವರು ಮತ್ತು ನಾನು ಸೇರಿ ‘ಸ್ವರಸೊಬಗು’ ಎಂಬ ಪತ್ರಿಕೆ ತಂದೆವು. ಯುವಜನರಿಗಾಗಿ ಸಂಗೀತದ, ಉಡುಪಿನ ಮಾಸಪತ್ರಿಕೆ. ಮಾಸಪತ್ರಿಕೆ ಎಂದೆನಲ್ಲವೇ? ಬಂದದ್ದು ಒಂದೇ ಮಾಸ.

ಅದರಲ್ಲಿ ಏನಿರಲಿಲ್ಲ? ಹತ್ತು ದಿನದಲ್ಲಿ ಹಾರ್ಮೋನಿಯಂ ಕಲಿಸುವ ಪಾಠವಿತ್ತು. ಹನ್ನೊಂದನೆಯ ದಿನ ನೆರೆಮನೆಯವರು ಜಗಳಕ್ಕೆ ಬಂದರೆಂದು ಕೇಳಿದ್ದೇನೆ. ಪಫ್ ತೋಳಿನ ರವಿಕೆಯ ಅಳತೆಯಿತ್ತು; ಅದನ್ನು ಬರೆದುಕೊಟ್ಟವರು ಮಾಸ್ತಪ್ಪನವರು. ಪುಟಗಳ ಅಂದಚೆಂದ ಮಾತ್ರ ನನ್ನದು.

ಅಂದವೆಂದರೆ ನನಗೆ ಹುಚ್ಚು, ಸಭಿಕರೇ. ಎಂಟನೆಯ ಪುಟದಲ್ಲಿ ರವಿಕೆಯ ಅಳತೆಯ ಪಕ್ಕ ಗಿಟಾರು ಹಿಡಿದ ತರುಣಿಯನ್ನು ಬರೆದೆ. ಗಿಟಾರನ್ನು ನಾನು ಕಂಡವನೇ? ಒಂದು ಕ್ಯಾಲೆಂಡರಿನಲ್ಲಿ ಅರ್ಧ ಕಂಡಿದ್ದೆ, ಉಳಿದರ್ಧ ಊಹೆ. ಅದರ ಕುತ್ತಿಗೆ ಬೆಳೆದು ಬೆಳೆದು ಪುಟದ ಕೆಳಮೂಲೆ ಮುಟ್ಟಿತು. ‘ಹೊಳೆಬಾಗಿಲಿನ ಕಡವಿನಲ್ಲಿ ದೋಣಿಗೆ ಹುಟ್ಟು ಹಾಕುವ ಹುಡುಗಿಯ ಚಿತ್ರ ಬಹಳ ಸೊಗಸು’ ಎಂದು ಓದುಗರೊಬ್ಬರು ಕಾಗದ ಬರೆದರು. ನಗಿ, ನಗಿ. ನಾನು ಅಂದು ನಗಲಿಲ್ಲ.

ಪ್ರೂಫ್ ನೋಡುವ ದಿನ ಮುಕುಂದಯ್ಯನವರು ಊಟಕ್ಕೆ ಹೋಗಿದ್ದರು. ಹೋಗುವಾಗ, “ಮಾಸ್ತ್ರೇ, ಎಂಟನೇ ಪುಟದಲ್ಲಿ ಎಂತಾರೂ ತಪ್ಪಿದ್ದಾ ನೋಡಿ” ಎಂದಿದ್ದರು. ನೋಡಿದೆ. ಮಾಸ್ತಪ್ಪನವರ ಕೊನೆಯ ಸಾಲು ನನ್ನ ಗಿಟಾರಿನ ಕುತ್ತಿಗೆಗೆ ಡಿಕ್ಕಿ ಹೊಡೆದಿತ್ತು. ಕುತ್ತಿಗೆ ಕತ್ತರಿಸುವುದೇ, ಸಾಲು ಕತ್ತರಿಸುವುದೇ? ಯಾರೂ ಇರಲಿಲ್ಲ. ಆ ಸಾಲಿನ ಅಚ್ಚುಮೊಳೆಗಳನ್ನು ನಾನೇ ಚಿಮಟದಿಂದ ಒಂದೊಂದಾಗಿ ಕಿತ್ತು ಪೆಟ್ಟಿಗೆಗೆ ಹಾಕಿದೆ. ಪುಟ ಎಷ್ಟು ಅಂದವಾಯಿತು! ಆ ಸಾಲು ಇದು: ‘ಹೊಲಿಗೆಗೆಂದು ಎರಡು ಇಂಚು ಬಟ್ಟೆ ಹೆಚ್ಚಿಗೆ ಬಿಡಿ.’

ಮಾವನವರೇ, ಹಾಗೆ ನೋಡಬೇಡಿ. ಇನ್ನೂ ಇದೆ.

ಪತ್ರಿಕೆ ನೋಡಿ ರವಿಕೆ ಕತ್ತರಿಸಿದ ಹುಡುಗಿಯರಿಗೆ ಕೈ ಎತ್ತಲಾಗಲಿಲ್ಲ, ಸೀನಲಾಗಲಿಲ್ಲ. ಅಧ್ಯಕ್ಷರ ಮಗಳು ಮಂಗಳಗೌರಿ ಮೊದಲ ಪ್ರತಿಯನ್ನೇ ಒಯ್ದು ರವಿಕೆ ಹೊಲಿದು, ಶಿವಮೊಗ್ಗದ ಗಂಡು ನೋಡಲು ಬಂದ ದಿನ ತೊಟ್ಟಳು. ಹಾಡಲೆಂದು ಉಸಿರೆಳೆದಳು. ಸ್ವರ ಹೊರಡುವ ಮೊದಲೇ ರವಿಕೆ ‘ಪರ್’ ಎಂದಿತು. ಹುಡುಗಿ ಒಳಗೆ ಓಡಿದಳು, ಸಂಬಂಧ ಮುರಿಯಿತು. ಮರುವರ್ಷ ಆಕೆಯ ಕೈ ಹಿಡಿದವನು ನಾನು. ಇಲ್ಲ, ಮಂಗಳಾ, ಬೇಕೆಂದೇ ಮಾಡಿದ್ದಲ್ಲ. ದೇವರಾಣೆ.

ಹುಡುಗಿಯರೆಲ್ಲ ಮಾಸ್ತಪ್ಪನವರ ಅಂಗಡಿಗೆ ನುಗ್ಗಿದರು. ‘ಕತ್ತರಿ ಹಿಡಿಯಲು ಬಾರದವನು’ ಎಂದರು. ಈ ಮನುಷ್ಯ ಎದುರಾಡದೆ, ತಮ್ಮದೇ ತುಂಡುಬಟ್ಟೆಯಿಂದ ಪ್ರತಿ ರವಿಕೆಯ ಕಂಕುಳಿಗೂ ಪಟ್ಟಿ ಕೊಟ್ಟು ಹೊಲಿದರು. ಹೊಸನಗರದಲ್ಲಿ ಆ ಪಟ್ಟಿಯೇ ಹೊಸ ಫ್ಯಾಷನ್ ಆಗಿ, ಸರಿಯಿದ್ದ ರವಿಕೆಗೂ ಹಾಕಿಸಿಕೊಂಡರು. ಅದು ಬೇರೆ ಮಾತು. ಒಂದು ಸಂಜೆ ಮಾಸ್ತಪ್ಪನವರು ನನ್ನ ಬಳಿ ಬಂದು, “ಎರಡಿಂಚು ಬಿಡಿ ಅಂತ ಬರಿಯೋದೇ ಮರ್ತುಬಿಟ್ಟೆ ಮೇಷ್ಟ್ರೇ. ನಿಮ್ ಪತ್ರಿಕೆಗೆ ಮಸಿ ಬಳ್ದೆ” ಎಂದರು. ಕಣ್ಣಲ್ಲಿ ನೀರಿತ್ತು.

ನಾನು ಏನು ಮಾಡಿದೆ ಗೊತ್ತೇ? ಬೆನ್ನು ತಟ್ಟಿ, “ಹೋಗಲಿ ಬಿಡಿ, ಮರೆವು ಮನುಷ್ಯ ಸಹಜ” ಎಂದೆ. ನಾನು ಅವರನ್ನು ಕ್ಷಮಿಸಿದೆ!

ಇಂದು ಹೊಗಳಿಕೆಯ ನಾಲ್ಕು ಹಾಳೆ ಬರೆದು ತಂದಿದ್ದೆ. ಆದರೆ ಈಗತಾನೇ ಮಾಸ್ತಪ್ಪನವರು ಇದೇ ಮೈಕಿನ ಮುಂದೆ, “ಆ ಪತ್ರಿಕೆ ದಿನದಿಂದ ನನ್ ತಲೆ ಮೇಲೆ ನಂಗೇ ನಂಬ್ಕೆ ಇಲ್ಲ. ಅಳತೆ ಬರ್ದು ಮೂರ್ಮೂರು ಸಲ ನೋಡ್ತೀನಿ. ಸಾಕು, ನಾಳೆಯಿಂದ ಅಂಗಡಿ ತೆಗಿಯೋದಿಲ್ಲ” ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನನ್ನ ಕೈ ಮೇಲೇಳಲಿಲ್ಲ. ನನ್ನ ಅಂಗಿಯೇನೂ ಬಿಗಿಯಾಗಿರಲಿಲ್ಲ.

ಮಾಸ್ತಪ್ಪನವರೇ, ನೀವು ಮರೆತಿರಲಿಲ್ಲ. ನಿಮ್ಮ ಅಕ್ಷರದಲ್ಲಿ ಆ ಸಾಲು ಇತ್ತು. ಓದಿ, ತಿಳಿದೇ ಕಿತ್ತವನು ನಾನು. ತಪ್ಪಾಯಿತು. ನಾಳೆ ಅಂಗಡಿ ತೆರೆಯಿರಿ. ಬಟ್ಟೆ ಹಿಡಿದು ಮೊದಲು ಬರುವವನು ನಾನು. ನನಗೊಂದು ಅಂಗಿ ಹೊಲಿಯಿರಿ. ಎಷ್ಟು ಬಿಗಿ ಹೊಲಿದರೂ ತುಟಿಪಿಟಕ್ಕೆನ್ನದೆ ತೊಟ್ಟುಕೊಳ್ಳುತ್ತೇನೆ.

ಮಾತಾಡಲು ಬಿಟ್ಟ ಸಂಘದವರಿಗೆ, ಗಂಟೆ ಬಾರಿಸಲು ಮರೆತು ಕುಳಿತ ಅಧ್ಯಕ್ಷರಿಗೆ, ಮುಂದಿನ ಸಾಲಿನಿಂದ ಎದ್ದು ಇತ್ತಲೇ ಬರುತ್ತಿರುವ ನನ್ನ ಧರ್ಮಪತ್ನಿಗೆ, ನಿಮ್ಮೆಲ್ಲರ ತಾಳ್ಮೆಗೆ ವಂದನೆ ಹೇಳಿ ಬೇಗನೆ ವೇದಿಕೆ ಇಳಿಯುತ್ತೇನೆ. ನಮಸ್ಕಾರ.