ಹತ್ತು ಗಂಟೆಯ ಚಹಾ

ಕಂಪಾಲಾದಲ್ಲಿ ಟ್ಯಾಕ್ಸಿ ವ್ಯಾನು ತುಂಬದೆ ಹೊರಡುವುದಿಲ್ಲ. ಕಾಯುತ್ತಲೇ ನಮ್ಮ ವಿಶ್ವವಿದ್ಯಾಲಯದ ಕಚೇರಿಯಲ್ಲಿ ನನ್ನ ಕೈಕೆಳಗೆ ಕೆಲಸ ಮಾಡುವ ಅಪಿಯೋಳ ವಾರ್ಷಿಕ ವರದಿಯಲ್ಲಿ ‘ಕೆಲಸದಲ್ಲಿ ಆಸಕ್ತಿಯಿಲ್ಲ’ ಎಂದು ಬರೆದೆ. ಅವಳ ಗುತ್ತಿಗೆ ಮುಂದುವರಿಯುವುದು ಈ ವರದಿಯ ಮೇಲೆ ನಿಂತಿತ್ತು. ಸಹಿಯೊಂದು ಬಾಕಿಯಿತ್ತು. ಮುಂದಿನ ಸೀಟಿನಲ್ಲಿ ನಮ್ಮಲ್ಲಿನದೇ ಪರೀಕ್ಷಾ ವಿಭಾಗದ ಇಬ್ಬರು ಯುವತಿಯರು ಹರಟುತ್ತಿದ್ದರು.

“ರಾಜೀನಾಮೆ ಕೊಟ್ಯೇನೇ, ನಕಿಟ್ಟೊ?”

“ಹರಿದ್ಹಾಕ್ದೆ ಕಣೆ.”

“ಮುನ್ನೂರು ಮಕ್ಕಳ ಅಂಕ ಬೇರೆ ಕೋರ್ಸಿಗೆ ತುಂಬಿದ್ದಕ್ಕೆ ಮೇಡಂ ಉಗೀಲಿಲ್ವಾ?”

“ಇಲ್ಲ. ಕುರ್ಚಿ ಎಳ್ಕೊಂಡು ಪಕ್ಕದಲ್ಲೇ ಕೂತ್ರು. ‘ಎಲ್ಲಿ ತೊಡಕಾಗುತ್ತೆ, ತೋರ್ಸು’ ಅಂದ್ರು. ಹತ್ತು ಗಂಟೆ ಚಹಾನೂ ನನ್ನ ಮೇಜಿಗೇ ತರಿಸ್ಕೊಂಡ್ರು.”

“ದೊಡ್ಡೋರು ರೂಮು ಬಿಟ್ಟು ನಮ್ಮ ಮೇಜಲ್ಲಿ ಚಹಾ ಕುಡೀತಾರಾ? ರೈಲು ಬಿಡ್ಬೇಡ!”

“ನನ್ನ ಮರಗೆಣಸಲ್ಲಿ ಅರ್ಧ ಅವರೇ ತಿಂದ್ರು! ಈಗ ಎಂಟಕ್ಕೆ ಮುಂಚೆನೇ ಹೋಗಿ ಕೂರ್ತೀನಿ, ನಂಗೇ ಆಶ್ಚರ್ಯ.”

“ನಮ್ಮ ಸೆಕ್ಷನ್ ಸಾಹೇಬ್ರಿಗೂ ನಾಳೆ ಮರಗೆಣಸು ತಿನ್ನಿಸ್ತೀನಿ ತಡಿ!”

ವ್ಯಾನು ತುಂಬುವ ಲಕ್ಷಣವಿರಲಿಲ್ಲ. ಇಬ್ಬರೂ ನಗುತ್ತ ಇಳಿದು ಬಾಡಿಗೆ ಬೈಕು ಹತ್ತಿ ಹೋದರು.

ಎರಡು ವರ್ಷಗಳಲ್ಲಿ ನಾನು ಅಪಿಯೋಳ ಮೇಜಿನ ಬಳಿ ಹೋದದ್ದು ಅವಳು ಬಂದಿದ್ದಾಳೋ ಇಲ್ಲವೋ ಎಂದು ನೋಡುವುದಕ್ಕೆ ಮಾತ್ರ. ಸಹಿ ಹಾಕದೆ ಪೆನ್ನು ಮುಚ್ಚಿದೆ. ನಾಳೆ ಅವಳ ಪಕ್ಕದಲ್ಲಿ ಒಂದು ಬೆಳಗು ಕೂತ ಮೇಲೆಯೇ ವರದಿಯನ್ನು ಮತ್ತೆ ಬರೆಯುವುದೆಂದು ಮನಸ್ಸಿನಲ್ಲೇ ಅಂದುಕೊಂಡೆ.