ಶರಣ್ಯಾಳ ಕಣ್ಣಲ್ಲಿ ನೀರು ತರಿಸಿದ ಲೇಖನ

‘೧೯೮೭, ಏಪ್ರಿಲ್ ಇಪ್ಪತ್ತು, ಸೋಮವಾರ. ನಲ್ಲಿಯಲ್ಲಿ ನೀರಿಲ್ಲ. ವಿಶ್ವನಾಥನಿಗೆ ಜ್ವರ. ಬಿಸಿಲು ಜಾಸ್ತಿ.’ ...ಅಷ್ಟೇ ಗಂಗಾ, ಮುಂದಿನದು ಬೇಡ, ಡೈರಿ ಮುಚ್ಚಿದೆ. ಯಾಕೆ ನಗ್ತೀಯ? ಹೌದು, ನಾನು ಬರೆಯೋದೇ ಹೀಗೆ! ದಾಸರಹಳ್ಳಿ ವಠಾರದಲ್ಲಿ ನಿನ್ನ ಪಕ್ಕದ ಮನೆಯಲ್ಲಿದ್ದಾಗಲೂ ಹೀಗೇ, ಈಗ ಹೂಡಿಯಲ್ಲಿ ಮಗ ವಿಶ್ವನಾಥನ ಜೊತೆ ಒಂಬತ್ತನೇ ಮಹಡಿಯಲ್ಲಿ ಕೂತಾಗಲೂ ಹೀಗೇ. ಸತ್ಯವತಿ, ಬಿ.ಎ.! ಮದುವೆಯಾಗಿ, ಮಗು ಹೆತ್ತು, ಆಮೇಲೆ ಕಟ್ಟಿ ಪಾಸಾದ ಬಿ.ಎ.! ಗೊತ್ತು, ಗೊತ್ತು, ಸಾವಿರ ಸಲ ಹೇಳಿದೀನಿ.

ಕೇಳು. ಅಪಾರ್ಟ್‌ಮೆಂಟಿನ ಕನ್ನಡ ಸಂಘದವರು ರಾಜ್ಯೋತ್ಸವದ ಸಂಚಿಕೆಗೆ ಲೇಖನ ಕೇಳಿದರು. ಆ ದಿನದ್ದೇ, ಡೈರಿ ನೋಡಿಕೊಂಡು ಬರೆದು ಕೊಟ್ಟೆ. ಸಂಪಾದಕಿ ಶರಣ್ಯ, ಆರನೇ ಮಹಡಿಯ ಹುಡುಗಿ, ವಾಪಸ್ ತಂದಳು. ‘ಬೇಜಾರು ಮಾಡ್ಕೋಬೇಡಿ ಆಂಟಿ... ಇದು ಎಐ ಬರೆದ ಹಾಗಿದೆ. ಒಂದು ತಪ್ಪಿಲ್ಲ, ಒಂದು ಹನಿ ಕಣ್ಣೀರಿಲ್ಲ. ನಿಮ್ಮ ದನಿಯಲ್ಲಿ ಬರೀರಿ.’ ನೋಡು! ನನ್ನ ದನಿಯಲ್ಲಿ ನಾನಿಲ್ಲವಂತೆ!

ನಗು, ನಗು. ನಾನು ಬಿಡ್ತೀನಾ? ಮೊಮ್ಮಗಳ ಫೋನ್ ಇಸ್ಕೊಂಡೆ. ಮಗುವಿಗೆ ಜ್ವರ, ಬರಿಗಾಲಲ್ಲಿ ಆಸ್ಪತ್ರೆಗೆ ಓಟ, ಇಷ್ಟು ವಿಷಯ ಆ ಎಐಗೇ ಕೊಟ್ಟೆ. ‘ವಯಸ್ಸಾದ ತಾಯಿ ಮನಸ್ಸು ಬಿಚ್ಚಿ ಬರೆದ ಹಾಗಿರಲಿ. ನಡುವೆ ನಾಲ್ಕು ತಪ್ಪೂ ಇರಲಿ’ ಅಂದೆ. ಅಬ್ಬಾ, ಏನು ಬರೀತು! ಬೆಂಕಿಯಂಥ ಏಪ್ರಿಲ್‌ನಲ್ಲಿ ಜಡಿಮಳೆ! ಪೀಣ್ಯದ ಫ್ಯಾಕ್ಟರಿ ಸೈರನ್ ನನ್ನ ಜೊತೆ ಅತ್ತಿತಂತೆ! ಶರಣ್ಯ ನನ್ನ ಕೈ ಹಿಡ್ಕೊಂಡು ಗೊಳೋ ಅಂದಳು. ‘ಈಗ ಸಿಕ್ಕಿದ್ರಿ ಆಂಟಿ! ಇದು ನೀವು!’ ಮೊದಲ ಬಹುಮಾನ, ಶಾಲು... ವಿಶ್ವನಾಥ ಬೇರೆ ಎಲ್ಲರ ಮುಂದೆ ನನ್ನ ಕಾಲಿಗೆ ಬಿದ್ದ...

ಏ, ಸಂಚಿಕೆ ಯಾಕೆ ಈಗ? ಎರಡು ಮೆಟ್ರೊ ಹತ್ತಿಳಿದು ಬಂದಿದೀಯ, ಮೊದಲು ಕಾಫಿ ಕುಡಿ.

...ಓದಿದೆಯಾ? ಕನ್ನಡಕ ಯಾಕೆ ತೆಗೆದೆ?

‘ನಾನು ಮಗುವನ್ನು ಎದೆಗವಚಿಕೊಂಡು ಬರಿಗಾಲಲ್ಲಿ ಓಡಿದೆ’... ಹೂಂ. ಅದು ಎಐ ಕೆಲಸ ಕಣೆ! ಅದಕ್ಕೇನು ಗೊತ್ತು, ಓಡಿದ್ದು ಯಾರು ಅಂತ? ನಾನು ಮೊದಲು ಬರೆದದ್ದರಲ್ಲಿ ನಿನ್ನ ಹೆಸರಿತ್ತು, ನನ್ನಾಣೆ!

ಇಷ್ಟೊತ್ತು ನಗ್ತಿದ್ದವಳು... ಕಾಲು ಯಾಕೆ ಸೀರೆಯೊಳಗೆ ಎಳ್ಕೊಂಡೆ? ಗಂಗಾ, ಹಾಗೆ ನೋಡಬೇಡ.

ಸರಿ. ಅದು ಕೇಳಿತ್ತು. ‘ಮಗುವನ್ನು ಎತ್ತಿಕೊಂಡು ಓಡಿದವರು ಯಾರು?’ ಅಂತ ನೆಟ್ಟಗೆ ಕೇಳಿತ್ತು. ನಾನೇ ಟೈಪ್ ಮಾಡಿದೆ, ‘ನಾನು’. ಆ ಎರಡು ಪುಟದಲ್ಲಿ ಡೈರಿಯದ್ದೂ ಅಲ್ಲದ, ಯಂತ್ರದ್ದೂ ಅಲ್ಲದ ಮಾತು ಅದೊಂದೇ. ನನ್ನ ಸ್ವಂತದ್ದು. ನೀನು ವಿಶ್ವನಾಥನಿಗೆ ಒಂದು ದಿನವೂ ಹೇಳಿಕೊಳ್ಳಲಿಲ್ಲ. ಅವನು ಕಾಲಿಗೆ ಬಿದ್ದಾಗಲಾದರೂ ನಾನು ಹೇಳಬಹುದಿತ್ತು.

ಡೈರಿ ಪೂರ್ತಿ ಓದ್ತೀನಿ, ಇರು. ‘ಹತ್ತಕ್ಕೆ ನನಗೆ ಪರೀಕ್ಷೆ. ಹೋದೆ. ಹನ್ನೊಂದಕ್ಕೆ ಮಗುವಿಗೆ ಫಿಟ್ಸ್. ಗಂಗಮ್ಮ ಎತ್ತಿಕೊಂಡು ಓಡಿದಳು. ದಾರಿಯಲ್ಲಿ ಚಪ್ಪಲಿ ಕಿತ್ತಿತು. ಡಾಂಬರಿಗೆ ಅಂಗಾಲು ಸುಟ್ಟಿದೆ. ಸಂಜೆ ಮುಲಾಮು ಹಚ್ಚಿದೆ. ಪರೀಕ್ಷೆ ಚೆನ್ನಾಗಿ ಆಯಿತು.’

...ಎದ್ದೆಯಾ? ಗಂಗಾ? ಗಂಗಾ...

ಇವತ್ತಿನದೂ ಬರೀಬೇಕಲ್ಲ. ‘ನವೆಂಬರ್ ಹದಿನಾರು, ಭಾನುವಾರ. ಗಂಗಮ್ಮ ಬಂದಿದ್ದಳು. ಕಾಫಿ ಮುಟ್ಟಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ, ಬರ್ತೀನಿ ಅನ್ನದೆ ಹೋದಳು.’